ಮೊದಲು ಬ್ಯಾಟರಿ, ಆಮೇಲೆ ಬಿಸಿಲು

ಸೌರವಿದ್ಯುತ್ತಿನ ಚರಿತ್ರೆ ಸಾಮಾನ್ಯವಾಗಿ 1839ರಲ್ಲಿ ಶುರುವಾಗುತ್ತದೆ. ಬೆಳಕಿನಿಂದ ವಿದ್ಯುತ್ ಹುಟ್ಟುವುದನ್ನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ ಗಮನಿಸಿದ ವರ್ಷ ಅದು. ಅಲ್ಲಿಂದ ಕಥೆ ಒಂದೇ ನೆಗೆತಕ್ಕೆ 1954ಕ್ಕೆ, ಅಮೆರಿಕದ ಬೆಲ್ ಪ್ರಯೋಗಾಲಯದ ಸಿಲಿಕಾನ್ ಕೋಶಕ್ಕೆ ಬರುತ್ತದೆ. ಆಮೇಲೆ ಉಪಗ್ರಹ, ಕೊನೆಗೆ ನಮ್ಮ ಮನೆಯ ಮಾಡು. ಗ್ರಾಮೀಣ ವಿದ್ಯುತ್ತಿನ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಈ ಕಥೆಯಲ್ಲಿ ಒಂದು ಪಾತ್ರ ಬಿಟ್ಟುಹೋಗಿದೆ ಅನ್ನಿಸುತ್ತದೆ. ಅದು ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಗೋಡೆಯ ಮೇಲೆ ಕೂತಿರುವ ಅಂಗೈಯಗಲದ ಪೆಟ್ಟಿಗೆ, ಚಾರ್ಜ್ ಕಂಟ್ರೋಲರ್.

ಬೇರೆಬೇರೆ ಕಾಲದ ಎರಡು ವಸ್ತುಗಳು ಒಟ್ಟಿಗೆ ಬಾಳಬೇಕಾದಾಗ ಈ ಪೆಟ್ಟಿಗೆ ಬೇಕಾಯಿತು. ಎರಡರಲ್ಲಿ ಬ್ಯಾಟರಿ ಹಿರಿಯದು. ಗಾಸ್ಟನ್ ಪ್ಲಾಂಟೆ ಸೀಸ ಮತ್ತು ಆಮ್ಲದಿಂದ ಅದನ್ನು ಮಾಡಿದ್ದು 1859ರಲ್ಲಿ. 1955ರಲ್ಲಿ ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಊರಿನ ಬಳಿ ಬೆಲ್ ಸಂಸ್ಥೆ ಹಳ್ಳಿಯ ಟೆಲಿಫೋನ್ ಲೈನನ್ನು ಬಿಸಿಲಿನಿಂದ ನಡೆಸಿ ನೋಡಿತು. ಹಗಲು ಉಳಿದ ವಿದ್ಯುತ್ತು ಬ್ಯಾಟರಿ ಸೇರಿ ರಾತ್ರಿಗೆ ಒದಗುತ್ತಿತ್ತು. ಇವತ್ತಿನ ಮನೆಬೆಳಕಿನ ವ್ಯವಸ್ಥೆಯ ಮೂಲರೂಪ ಅದೇ.

ಆದರೆ ಬಿಸಿಲು ಹದ ತಿಳಿಯದು. 12 ವೋಲ್ಟಿನದು ಎನ್ನುವ 36 ಕೋಶಗಳ ಪ್ಯಾನೆಲ್, ಏನನ್ನೂ ಜೋಡಿಸದಿದ್ದಾಗ 21 ವೋಲ್ಟಿನಷ್ಟು ಕೊಡುತ್ತದೆ. ಸೀಸದ ಬ್ಯಾಟರಿಯನ್ನೋ ಸುಮಾರು 14.4 ವೋಲ್ಟಿನ ಹೊತ್ತಿಗೆ ತಡೆದು ನಿಲ್ಲಿಸಬೇಕು. ಮಿತಿ ಮೀರಿದರೆ ಒಳಗಿನ ನೀರು ಒಡೆದು ಜಲಜನಕವಾಗುತ್ತದೆ. ಮುಚ್ಚಿದ ಕೋಣೆಯ ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ತುಂಬಿದರೆ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಕತ್ತಲಾದ ಮೇಲೆ ಕೂಡಿಟ್ಟದ್ದು ಪ್ಯಾನೆಲ್ಲಿಗೆ ಹಿಂದಕ್ಕೆ ಹರಿಯದಂತೆಯೂ ಕಾಯಬೇಕು. ಈ ಎರಡೂ ಕಾವಲು ಕಂಟ್ರೋಲರಿನವು.

ಅದನ್ನು ಜೋಡಿಸುವ ಕ್ರಮವನ್ನು ಮೆಕ್ಯಾನಿಕ್ಕುಗಳು ಬಾಯಿಪಾಠದಂತೆ ಹೇಳುತ್ತಾರೆ: ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಕೊನೆಗೆ ದೀಪ. ಬಿಚ್ಚುವಾಗ ತಿರುಗುಮುರುಗು. ಇದಕ್ಕೆ ಕಾರಣವಿದೆ. ಎಷ್ಟೋ ಕಂಟ್ರೋಲರುಗಳು ತಾವು 12 ವೋಲ್ಟಿನ ಮನೆಯಲ್ಲಿವೆಯೋ 24ರ ಮನೆಯಲ್ಲೋ ಎಂಬುದನ್ನು ಬ್ಯಾಟರಿಯನ್ನು ನೋಡಿಯೇ ತಿಳಿಯುತ್ತವೆ. ಬ್ಯಾಟರಿ ಇಲ್ಲದೆ ಪ್ಯಾನೆಲ್ ಸೇರಿಸಿದರೆ ತಡೆಯಿಲ್ಲದ ವೋಲ್ಟೇಜು ಒಳನುಗ್ಗಿ ಪೆಟ್ಟಿಗೆಯೇ ಸುಡಬಹುದು. ಬ್ಯಾಟರಿಯ ಪ್ಲಸ್ ತುದಿಗೆ ಆದಷ್ಟು ಹತ್ತಿರದಲ್ಲಿ ಫ್ಯೂಸ್ ಇರಬೇಕು, ಏಕೆಂದರೆ ಶಾರ್ಟ್ ಆದಾಗ ಬ್ಯಾಟರಿ ನೂರಾರು ಆಂಪಿಯರ್ ಸುರಿಯಬಲ್ಲದು. ಫ್ಯೂಸಿನ ಆಚೆಯ ವೈರಷ್ಟೇ ಸುರಕ್ಷಿತ. ಕೆಲಸಕ್ಕೆ ಕೂರುವ ಮೊದಲು ಉಂಗುರ, ಬಳೆ, ವಾಚು ತೆಗೆದಿಡಬೇಕು. ಎರಡು ತುದಿಗಳ ನಡುವೆ ಸಿಕ್ಕ ಲೋಹ ಕ್ಷಣದಲ್ಲಿ ಕಾದು ಬೆರಳನ್ನು ಸುಟ್ಟುಬಿಡುತ್ತದೆ.

ಇದೆಲ್ಲ ಚರಿತ್ರೆ ಹೇಗಾಗುತ್ತದೆ ಎಂದು ನೀವು ಕೇಳಬಹುದು. ಕರ್ನಾಟಕದ ಉದಾಹರಣೆಯನ್ನೇ ನೋಡಿ. ಹಳ್ಳಿಮನೆಗಳಿಗೆ ಸೌರದೀಪ ಒದಗಿಸಲು ಸೆಲ್ಕೋ ಆರಂಭವಾದದ್ದು 1995ರಲ್ಲಿ. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇವು ದಾಖಲಾಗಿವೆ, ದಾಖಲಾಗಬೇಕಾದವೇ. ಆದರೆ ಬ್ಯಾಂಕಿನ ಸಾಲದಲ್ಲಿ ದೀಪ ಹಾಕಿಸಿಕೊಂಡ ಮನೆಯ ಮಟ್ಟಿಗೆ ಪ್ರಶ್ನೆ ಬೇರೆ. ಬ್ಯಾಟರಿ ಸತ್ತರೂ ಸಾಲದ ಕಂತು ಸಾಯುವುದಿಲ್ಲ. ಆ ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ ಎನ್ನುವುದರಲ್ಲಿ ಸ್ಕ್ರೂ ಬಿಗಿ ಮಾಡಿದ, ಸರಿಯಾದ ಫ್ಯೂಸ್ ಹಾಕಿದ, ಡಿಸ್ಟಿಲ್ಡ್ ವಾಟರ್ ತುಂಬಿಸಲು ಮನೆಯವರಿಗೆ ಹೇಳಿಕೊಟ್ಟ ಕೈಯ ಪಾಲು ದೊಡ್ಡದು.

ಕಂಡುಹಿಡಿದವರ ಹೆಸರು ನಮ್ಮ ಪಠ್ಯಗಳಲ್ಲಿದೆ. ಉಳಿಸಿಕೊಂಡು ಬಂದವರ ತಿಳಿವಳಿಕೆ ಇರುವುದು ಬಾಯಿಮಾತಿನಲ್ಲಿ, ಪೆಟ್ಟಿಗೆಯ ಮೇಲೆ ಅಂಟಿಸಿದ ಚೀಟಿಯ ಒಂದು, ಎರಡು, ಮೂರರಲ್ಲಿ. ಆ ಚೀಟಿಯನ್ನೂ ಆಕರವೆಂದು ಓದಲು ಕಲಿತರೆ, ಬೆಳಕು ಬಂದ ದಿನದ ಜೊತೆಗೆ ಅದು ಆರದೆ ಉಳಿದ ವರ್ಷಗಳ ಚರಿತ್ರೆಯನ್ನೂ ನಾವು ಬರೆಯಬಹುದು.