ಮಳೆಗಾಲದ ಸೊಪ್ಪು: ಅಟ್ಟದಿಂದ ಕಿಟಕಿಯವರೆಗೆ

ಜೂನ್ ತಿಂಗಳಲ್ಲಿ ಕೊತ್ತಂಬರಿ ಸೊಪ್ಪಿನ ಗೋಣಿ ಅಂಗಡಿಗೆ ಬಂದರೆ ಬಾಪ ಮೊದಲು ಅದನ್ನು ಮೂಸಿ ನೋಡುತ್ತಿದ್ದರು, ಬಿಚ್ಚುವುದು ಆಮೇಲೆ. ವಾಸನೆ ಹುಳಿಯಾಗಿದ್ದರೆ ಅರ್ಧ ಗೋಣಿ ತಿಪ್ಪೆಗೆ ಎಂದು ಲೆಕ್ಕ. ಉಳಿದರ್ಧವನ್ನು ತಾಟಿನ ಮೇಲೆ ಹರಡಿ, ಕೊಳೆತ ಎಲೆ ಆರಿಸಿ, ಹೊಸದಾಗಿ ಕಟ್ಟು ಕಟ್ಟುವುದು ಶಾಲೆಯಿಂದ ಬಂದ ಮೇಲೆ ನನ್ನ ಕೆಲಸ. ಆ ವಾಸನೆ ಕೈಯಿಂದ ಹೋಗಲು ಎರಡು ದಿನ ಬೇಕು. ಕಾಸರಗೋಡಿನ ಯಾವ ತರಕಾರಿ ಅಂಗಡಿಯವರ ಮಕ್ಕಳನ್ನು ಕೇಳಿದರೂ ಇದನ್ನೇ ಹೇಳಿಯಾರು.

ಹೊರದೇಶದವರು ಚಳಿಗಾಲದಲ್ಲಿ ಮನೆಯೊಳಗೆ ಸೊಪ್ಪು ಬೆಳೆಯುತ್ತಾರೆ, ಯಾಕೆಂದರೆ ಹೊರಗೆ ಹಿಮ. ನಮಗೆ ಚಳಿಗಾಲ ಅಂದರೆ ಸೊಪ್ಪಿಗೆ ಹೇಳಿಮಾಡಿಸಿದ ಕಾಲ. ಭತ್ತ ಕೊಯ್ದ ಗದ್ದೆಯಲ್ಲಿ ಸಾಲು ತೆಗೆದು ಹರಿವೆ, ಸೌತೆ, ಅಲಸಂಡೆ ಹಾಕುವುದು ಮಳೆ ನಿಂತ ಮೇಲೆಯೇ. ನಮ್ಮಲ್ಲಿ ಹಿಮದ ಕೆಲಸ ಮಾಡುವುದು ಮಳೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ನಮ್ಮ ಹಿರಿಯರು ಯಾವ ಸೊಪ್ಪು ತಿನ್ನುತ್ತಿದ್ದರು, ನಾವು ಯಾಕೆ ಲಾರಿ ಕಾಯುವವರಾದೆವು ಎಂಬುದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ನನ್ನ ಅಜ್ಜಿಯ ಮನೆಯಲ್ಲಿ ಮಳೆಗಾಲದ ತರಕಾರಿ ಅಂಗಳದಲ್ಲಿ ಇರಲಿಲ್ಲ, ಅಟ್ಟದಲ್ಲಿತ್ತು. ಬೇಸಿಗೆಯಲ್ಲಿ ಬೆಳೆದ ಸೌತೆಕಾಯಿಯನ್ನು, ಈಗ ಪೇಟೆಯಲ್ಲಿ ಮಂಗಳೂರು ಸೌತೆ ಅನ್ನುತ್ತಾರಲ್ಲ ಅದನ್ನು, ಒಂದೊಂದಾಗಿ ತೆಂಗಿನ ಗರಿಯಲ್ಲಿ ಕಟ್ಟಿ ಮಾಡಿನ ಪಕ್ಕಾಸಿಗೆ ನೇತುಹಾಕುತ್ತಿದ್ದರು. ಒಂದಕ್ಕೊಂದು ತಾಗಬಾರದು, ನೆಲಕ್ಕೂ ತಾಗಬಾರದು. ಕೆಳಗೆ ಒಲೆಯ ಹೊಗೆ. ಹಾಗೆ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಬಿತ್ತನೆ ಬೀಜ ಬೂದಿ ಹಚ್ಚಿಕೊಂಡು ಅದೇ ಹೊಗೆಯಲ್ಲಿ ಇರುತ್ತಿತ್ತು. ಹಲಸಿನ ಸೊಳೆ ಉಪ್ಪು ನೀರಿನ ಭರಣಿಯಲ್ಲಿ.

ಹಸಿರು ಎಲೆ ಬೇಕೆಂದರೆ ಮಳೆಯೇ ಕೊಟ್ಟದ್ದನ್ನು ಆರಿಸಿ ತರಬೇಕು. ಮೊದಲ ಮಳೆಗೆ ದಾರಿಬದಿಯಲ್ಲಿ ಏಳುವ ತಜಂಕ್, ಮಲಯಾಳದವರ ತಗರ. ತೋಡಿನ ಬದಿಯ ಕೆಸು. ಗದ್ದೆ ಹುಣಿಯ ಒಂದೆಲಗ. ಬಾವಿಕಟ್ಟೆಯ ಹತ್ತಿರ ಬಸಳೆ ಚಪ್ಪರ ಇದ್ದೇ ಇತ್ತು, ಒಣ ಸಿಗಡಿ ಹಾಕಿದ ಬಸಳೆ ಸಾರಿಗೆ ನಮ್ಮಲ್ಲಿ ಬೇರೆ ಹೆಸರು ಬೇಡ. ನುಗ್ಗೆ ಸೊಪ್ಪನ್ನು ಮಾತ್ರ ಕರ್ಕಾಟಕ ತಿಂಗಳಲ್ಲಿ ಮುಟ್ಟುವುದಿಲ್ಲ ಎಂಬ ನಂಬಿಕೆ, ಅದು ಜಾತಿ ಮತ ನೋಡದೆ ಎಲ್ಲ ಮನೆಯಲ್ಲೂ ಇತ್ತು.

ಈ ಪಟ್ಟಿಯಲ್ಲಿ ಕೊತ್ತಂಬರಿಯೂ ಇಲ್ಲ, ಪುದಿನವೂ ಇಲ್ಲ. ಈಗ ಬಿರಿಯಾನಿ, ಹಸಿ ಮಸಾಲೆ, ಚಟ್ನಿ ಎಲ್ಲದಕ್ಕೂ ಇವೆರಡು ಬೇಕು, ಇವು ನಮ್ಮವೇ ಅನ್ನುತ್ತೇವೆ. ಪುದಿನ ಎಂಬ ಹೆಸರೇ ಪಾರ್ಸಿ ಭಾಷೆಯಿಂದ ಬಂದದ್ದು. ಕೊತ್ತಂಬರಿ ಮೆಡಿಟರೇನಿಯನ್ ಕಡೆಯ ಗಿಡ, ಈಜಿಪ್ಟಿನ ಟುಟಾಂಖಾಮನ್ ಗೋರಿಯಲ್ಲೂ ಅದರ ಬೀಜ ಸಿಕ್ಕಿದೆ. ಇಬ್ನ್ ಬತೂತ 1340ರ ದಶಕದಲ್ಲಿ ಈ ಕರಾವಳಿಯಲ್ಲಿ ಹಾದುಹೋದಾಗ ಹೊನ್ನಾವರದ ಸುಲ್ತಾನನ ಊಟವನ್ನು ವಿವರವಾಗಿ ಬರೆದಿದ್ದಾನೆ. ಅನ್ನ, ತುಪ್ಪ, ಕೋಳಿ, ಮೀನು, ಜೊತೆಗೆ ಮೆಣಸು, ಹಸಿ ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಅಂದರೆ ಕರಾವಳಿಯ ಊಟಕ್ಕೆ ರುಚಿ ಕೊಡುತ್ತಿದ್ದದ್ದು ಉಪ್ಪಿನಲ್ಲಿ ಕಾಪಾಡಿದ ಸಾಮಾನು. ಮಳೆಯ ಊರಿನವರಿಗೆ ಅದೇ ಬುದ್ಧಿ.

ಸೊಪ್ಪು ಬಂದದ್ದು ಘಟ್ಟ ಇಳಿದು. ಮೈಸೂರು ಕಡೆಯಿಂದ ಮಡಿಕೇರಿ, ಸಂಪಾಜೆ, ಸುಳ್ಯ, ಜಾಲ್ಸೂರು ದಾಟಿ ಚೆರ್ಕಳಕ್ಕೆ. ಇಲ್ಲದಿದ್ದರೆ ಮಂಗಳೂರಿನ ಮಾರುಕಟ್ಟೆಗೆ ಬಂದು ತಲಪಾಡಿ ಮೂಲಕ. ರಾತ್ರಿ ಹೊರಟ ಲಾರಿ ಬೆಳಗ್ಗೆ ಅಂಗಡಿಯ ಮುಂದೆ. ಬಾಪ ಅಂಗಡಿ ಹಾಕಿದ್ದು 1980ರ ದಶಕದಲ್ಲಿ, ಅವರ ಪ್ರಕಾರ ಮೊದಲ ವರ್ಷಗಳಲ್ಲಿ ಪುದಿನ ಕೇಳಿ ಬರುತ್ತಿದ್ದದ್ದು ಮದುವೆ ಮನೆಯವರು ಮಾತ್ರ. ದಿನಾ ಮಾರುವ ಸೊಪ್ಪಾದದ್ದು ಗಲ್ಫ್ ದುಡ್ಡು, ಫ್ರಿಜ್ಜು ಎರಡೂ ಬಂದ ಮೇಲೆ. ತಜಂಕ್ ತರುವುದು ನಾಚಿಕೆಯ ವಿಷಯವಾದದ್ದೂ ಅದೇ ಹೊತ್ತಿಗೆ. ಇದರಲ್ಲಿ ನಮ್ಮಂಥ ಅಂಗಡಿಯವರ ಪಾಲೂ ಇದೆ, ಇಲ್ಲ ಅನ್ನುವುದಿಲ್ಲ.

2014, 2015, 2016. ಈ ಮೂರು ವರ್ಷ ನೋಂಬು ಸರಿಯಾಗಿ ಜೂನ್–ಜುಲೈ ಮಳೆಯಲ್ಲಿ ಬಂತು. ವರ್ಷದಲ್ಲೇ ಹೆಚ್ಚು ಸೊಪ್ಪು ಬೇಕಾಗುವ ತಿಂಗಳು, ವರ್ಷದಲ್ಲೇ ಹೆಚ್ಚು ಸೊಪ್ಪು ಕೊಳೆಯುವ ತಿಂಗಳು. ಚಂದ್ರನ ಲೆಕ್ಕದಲ್ಲಿ ಇನ್ನು ಹಾಗೆ ಕೂಡಿಬರುವುದು 2040ರ ದಶಕದಲ್ಲಿ. ಉಮ್ಮ ಆಗ ಬಾಪನ ಕೈಯಿಂದಲೇ ಕಟ್ಟು ತೆಗೆದುಕೊಂಡು, ಪುದಿನದ ದಂಟನ್ನು ನೀರಿನ ಗ್ಲಾಸಿನಲ್ಲಿ ಇಟ್ಟು ಬೇರು ಬರಿಸಿ, ಒಡೆದ ಬಕೆಟ್ಟಿನಲ್ಲಿ ನೆಟ್ಟು ಜಗಲಿಯೊಳಗೆ ಇಟ್ಟರು. ಬಾಪನಿಗೆ ಅದು ಹಿಡಿಸಲಿಲ್ಲ. “ಅಂಗಡಿಯವನ ಮನೆಯಲ್ಲೇ ಸೊಪ್ಪು ಬೆಳೆದರೆ ಊರವರು ಅಂಗಡಿಗೆ ಯಾಕೆ ಬರಬೇಕು?” ಎಂದರು. ಉಮ್ಮ ಉತ್ತರ ಕೊಡಲಿಲ್ಲ, ಬಕೆಟ್ ತೆಗೆಯಲೂ ಇಲ್ಲ.

ನಾನು ಆ ಹೊತ್ತಿಗೆ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಶಾರ್ಜಾದಲ್ಲಿ ಎಸಿ ರಿಪೇರಿ ಕೆಲಸದಲ್ಲಿದ್ದೆ. ಅಲ್ಲಿ ಕಾಲ ತಿರುಗುಮುರುಗು. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಚಳಿಯಲ್ಲಿ ನಮ್ಮವರ ಫ್ಲಾಟಿನ ಬಾಲ್ಕನಿಗಳಲ್ಲಿ ಪುದಿನ, ಮೆಂತೆ, ಕೊತ್ತಂಬರಿ, ಹರಿವೆ ಎಲ್ಲ ಚೆನ್ನಾಗಿ ಬರುತ್ತದೆ. ಮೇ ತಿಂಗಳಾದರೆ ಕುಂಡ ಒಳಗೆ ಬರಬೇಕು. ನಮ್ಮ ರೂಮಿನಲ್ಲಿ ಆರು ಜನ, ಕಿಟಕಿಯ ಹತ್ತಿರ ಒಂದು ಪುದಿನ. ಅದಕ್ಕೆ ಎಸಿಯಿಂದ ತೊಟ್ಟಿಕ್ಕುವ ನೀರು. ಗಾಳಿಯ ತೇವ ತಣ್ಣಗಿನ ಕಾಯಿಲ್‌ಗೆ ತಾಗಿ ನೀರಾಗುವುದರಿಂದ ಅದು ಹೆಚ್ಚುಕಡಿಮೆ ಬಟ್ಟಿ ಇಳಿಸಿದ ನೀರು, ಉಪ್ಪಿಲ್ಲ, ಆದರೆ ಗೊಬ್ಬರದ ಅಂಶವೂ ಇಲ್ಲ. ಹಾಗಾಗಿ ಗಿಡ ಬಿಳಚಿಕೊಳ್ಳುತ್ತಿತ್ತು. ಒಬ್ಬ ಕಾಕ ಚಹಾ ಚರಟ ಹಾಕಿ ನೋಡಿದರು, ಇನ್ನೊಬ್ಬರು ಅಕ್ಕಿ ತೊಳೆದ ನೀರು.

ನಮ್ಮ ಊರಿನ ಹಿರಿಯರು ಲಾಂಚ್ ಹತ್ತಿ ಆ ದೇಶಕ್ಕೆ ಹೋಗುತ್ತಿದ್ದ ಕಾಲದಲ್ಲೇ, 1970ರ ದಶಕದ ಆರಂಭದಲ್ಲಿ, ಅಬುಧಾಬಿಯ ಸಾದಿಯಾತ್ ದ್ವೀಪದಲ್ಲಿ ಅಮೆರಿಕದ ಅರಿಜೋನ ವಿಶ್ವವಿದ್ಯಾಲಯದವರು ಪ್ಲಾಸ್ಟಿಕ್ ಮಾಡಿನ ಕೆಳಗೆ ತರಕಾರಿ ಬೆಳೆಯುವ ಕೇಂದ್ರ ಕಟ್ಟಿದ್ದರು. ಅದಕ್ಕೆ ಮೊದಲು ಅವರು ಮೆಕ್ಸಿಕೋದ ಕಡಲತೀರದಲ್ಲಿ ಡೀಸೆಲ್ ಎಂಜಿನ್ನಿನ ವ್ಯರ್ಥ ಬಿಸಿಯಿಂದ ಸಮುದ್ರದ ನೀರನ್ನು ಸಿಹಿ ಮಾಡಿ ಗಿಡಕ್ಕೆ ಹಾಕಿ ನೋಡಿದ್ದರು. ಮೆಕ್ಯಾನಿಕಲ್ ಓದಿದವನಿಗೆ ಇದಕ್ಕಿಂತ ಚೆಂದದ ಕತೆ ಬೇಡ. 2022ರಲ್ಲಿ ದುಬೈಯಲ್ಲಿ ಬುಸ್ತಾನಿಕ ಎಂಬ ಒಳಾಂಗಣ ತೋಟ ಶುರುವಾಯಿತು, ಸೂರ್ಯನನ್ನೇ ನೋಡದ ಸೊಪ್ಪು, ವರ್ಷಕ್ಕೆ 10 ಲಕ್ಷ ಕಿಲೋಗಿಂತ ಹೆಚ್ಚು ಬೆಳೆಯುವ ಗುರಿ.

ಮಾಡಿನ ಕೆಳಗೆ ಬೆಳೆಯುವ ಉಪಾಯ ಹೊಸತಲ್ಲ. ರೋಮಿನ ಚಕ್ರವರ್ತಿ ಟೈಬೀರಿಯಸ್‌ಗೆ ದಿನಾ ಸೌತೆ ಬೇಕಿತ್ತು ಎಂದು ಪ್ಲಿನಿ ಬರೆದಿದ್ದಾನೆ. ಗಾಲಿಯ ಮೇಲಿನ ಮಡಿಗಳನ್ನು ಬಿಸಿಲಿಗೆ ತಳ್ಳುತ್ತಿದ್ದರಂತೆ, ಚಳಿಗೆ ಪಾರದರ್ಶಕ ಕಲ್ಲಿನ ಹಲಗೆ ಮುಚ್ಚುತ್ತಿದ್ದರಂತೆ. 1829ರ ಹೊತ್ತಿಗೆ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಮುಚ್ಚಿದ ಬಾಟಲಿಯೊಳಗೆ ಗಿಡ ಬದುಕುವುದನ್ನು ಕಂಡು ಗಾಜಿನ ಪೆಟ್ಟಿಗೆ ಮಾಡಿಸಿದ. ಅಂಥ ಪೆಟ್ಟಿಗೆಗಳಲ್ಲೇ 1876ರಲ್ಲಿ ರಬ್ಬರ್ ಸಸಿ ಸಿಲೋನಿಗೆ ಬಂತು. ನಮ್ಮ ಗುಡ್ಡಗಳ ಮೇಲೆ ಈಗ ಇರುವ ರಬ್ಬರಿನ ಹಿಂದೆಯೂ ಆ ಗಾಜಿನ ಪೆಟ್ಟಿಗೆ ಇದೆ.

ಊರಿಗೆ ವಾಪಸ್ ಬರುತ್ತೇನೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿತು, ಶಿರಾಡಿಯೂ ಮುಚ್ಚಿತು. ಜೀವ ಕಳೆದುಕೊಂಡವರ ಮುಂದೆ ಸೊಪ್ಪಿನ ಮಾತು ಸಣ್ಣದು. ಆದರೆ ನಮ್ಮ ಅಡುಗೆಮನೆ ಎಷ್ಟು ದೂರದ ಗುಡ್ಡದ ಮೇಲೆ ನಿಂತಿದೆ ಎಂಬುದು ಗೊತ್ತಾಯಿತು. 2020ರ ಮಾರ್ಚ್‌ನಲ್ಲಿ ಗುಡ್ಡ ಕುಸಿಯಲಿಲ್ಲ, ಮನುಷ್ಯರೇ ಮಣ್ಣು ತಂದು ಗಡಿಯ ರಸ್ತೆಗಳ ಮೇಲೆ ಸುರಿದರು. ತಲಪಾಡಿಯಲ್ಲಿ ಆಂಬುಲೆನ್ಸ್ ತಡೆದು ಮಂಗಳೂರಿನ ಆಸ್ಪತ್ರೆ ಸೇರಲಾಗದೆ ನಮ್ಮ ಜಿಲ್ಲೆಯ ಹಲವರು ತೀರಿಹೋದರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ರಸ್ತೆ ತೆರವುಗೊಳಿಸಲು ಹೇಳಿತು. 1956ರ ನವೆಂಬರ್ 1ರವರೆಗೆ ನಾವು ಮಂಗಳೂರಿನ ಜೊತೆ ಒಂದೇ ಜಿಲ್ಲೆಯಲ್ಲಿದ್ದವರು. ಆ ಗೆರೆ ಕಾಗದದ ಮೇಲೆ ಮಾತ್ರ ಇದೆ ಅಂದುಕೊಂಡಿದ್ದೆವು.

ಏಪ್ರಿಲ್ 24ಕ್ಕೆ ನೋಂಬು ಶುರುವಾದಾಗ ಅಂಗಡಿಯಲ್ಲಿ ಸೊಪ್ಪಿನ ಬುಟ್ಟಿ ಖಾಲಿ. ಉಮ್ಮನ ಜಗಲಿಯಲ್ಲಿ ಆಗ ನಾಲ್ಕು ಕುಂಡ ಪುದಿನ, ಎರಡು ದೊಡ್ಡಪತ್ರೆ. ಕೊತ್ತಂಬರಿ ಹಾಕಿದ್ದು ಸೆಕೆಗೆ ಬೇಗ ಹೂಬಿಟ್ಟು ಕೆಟ್ಟಿತ್ತು. ಇದ್ದದ್ದನ್ನೇ ಚಿವುಟಿ ಅಕ್ಕಪಕ್ಕದ ಏಳು ಮನೆಗೆ ನನ್ನ ಕೈಯಲ್ಲಿ ಕಳಿಸಿದರು, ಒಂದೊಂದು ಮನೆಗೆ ಒಂದು ಹಿಡಿ. ಬಾಪ ಬಾಗಿಲಲ್ಲಿ ಕುಳಿತು ನೋಡುತ್ತಿದ್ದರು. ದುಡ್ಡಿನ ಮಾತು ಎತ್ತಲಿಲ್ಲ.

ನಮ್ಮ ಜಿಲ್ಲೆಯವರಿಗೆ ಸ್ವಂತ ಎಲೆಯ ಆಸೆಗೆ ಇನ್ನೊಂದು ಕಾರಣವೂ ಇದೆ. 2000ದವರೆಗೆ ಎರಡು ದಶಕಗಳ ಕಾಲ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಪಡ್ರೆಯ ಡಾ. ವೈ. ಎಸ್. ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆ ಮುಂತಾದವರು ಅದನ್ನು ಹೊರಗೆ ತಂದರು, 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕಿತು. ಎಣ್ಮಕಜೆಯ ಕಡೆಯವರು ಈಗಲೂ ಕಟ್ಟು ಕೈಗೆತ್ತಿಕೊಂಡು “ಇದಕ್ಕೆ ಏನು ಹೊಡೆದಿದ್ದಾರೆ?” ಎಂದು ಕೇಳುತ್ತಾರೆ. ನಮ್ಮ ಹತ್ತಿರ ಉತ್ತರ ಇರುವುದಿಲ್ಲ. ಲಾರಿಯವನಿಗೂ ಗೊತ್ತಿಲ್ಲ.

ಈಗ ಮಾಡುತ್ತಿರುವುದನ್ನು ಹೇಳಿ ಮುಗಿಸುತ್ತೇನೆ. ಕೇರಳ ಕೃಷಿ ವಿಶ್ವವಿದ್ಯಾಲಯದವರು ‘ಮಳಮರ’ ಅನ್ನುವುದನ್ನು ನಾವು ಮಳೆಮರೆ ಎಂದು ಕರೆದುಕೊಂಡಿದ್ದೇವೆ. ಮೇಲೆ ದಪ್ಪ ಪಾಲಿಥೀನ್, ನಾಲ್ಕು ಬದಿ ಖಾಲಿ. ಮಳೆಗಾಲದಲ್ಲಿ ಹರಿವೆ ಕೆಡುವುದು ನೀರು ಹೆಚ್ಚಾಗಿ ಮಾತ್ರ ಅಲ್ಲ. ಹನಿ ನೆಲಕ್ಕೆ ಬಡಿದು ಮಣ್ಣು ಎಲೆಗೆ ಹಾರುತ್ತದೆ, ಅದರ ಜೊತೆ ಶಿಲೀಂಧ್ರವೂ ಹಾರುತ್ತದೆ. ಎಲೆಯ ಮೇಲೆ ಬಿಳಿ ಚುಕ್ಕೆ, ಆಮೇಲೆ ಕಾಗದದ ಹಾಗೆ ಒಣಗುವುದು. ಕೆಂಪು ಹರಿವೆಗೆ ಇದು ಬೇಗ ತಾಗುತ್ತದೆ, ಸಿಒ-1 ಎಂಬ ಹಸಿರು ತಳಿ ತಡೆದುಕೊಳ್ಳುತ್ತದೆ. ಎರಡನ್ನೂ ಬೆರೆಸಿ ಬಿತ್ತುವುದು ಅವರದೇ ಸಲಹೆ, ನಮ್ಮಲ್ಲಿ ಫಲ ಕೊಟ್ಟಿದೆ. ನೀರನ್ನು ಬುಡಕ್ಕೆ ಹಾಕಬೇಕು, ಎಲೆಗೆ ಅಲ್ಲ.

ಕೊತ್ತಂಬರಿ ಒಳಗೆ. ಬೀಜ ಅಂದುಕೊಂಡಿರುವ ಗುಂಡು ನಿಜವಾಗಿ ಕಾಯಿ, ಅದರಲ್ಲಿ ಎರಡು ಬೀಜ. ಚಪ್ಪಲಿಯಿಂದ ಮೆಲ್ಲನೆ ಉಜ್ಜಿ ಒಡೆದು, ಒಂದು ರಾತ್ರಿ ನೆನೆಸಿ ಬಿತ್ತಬೇಕು. ಜುಲೈಯಲ್ಲಿ ಕಿಟಕಿಯ ಬೆಳಕು ಸಾಲುವುದಿಲ್ಲ, ಗಿಡ ದಾರದ ಹಾಗೆ ಉದ್ದವಾಗಿ ಬೀಳುತ್ತದೆ. ಹಳೆ ಮನೆಯ ಪಕ್ಕಾಸಿನಲ್ಲಿ ಸೌತೆ ಕಟ್ಟುತ್ತಿದ್ದ ಜಾಗದಿಂದ ಒಂದು 20 ವಾಟ್ ಎಲ್‌ಇಡಿ ಟ್ಯೂಬ್ ಇಳಿಬಿಟ್ಟಿದ್ದೇನೆ, ಗಿಡದಿಂದ ಒಂದು ಗೇಣು ಮೇಲೆ. ದಿನಕ್ಕೆ 14 ಗಂಟೆ ಉರಿದರೆ ತಿಂಗಳಿಗೆ ಎಂಟೂವರೆ ಯೂನಿಟ್ ಒಳಗೆ. ಒಂದು ಸಣ್ಣ ಫ್ಯಾನ್ ಬೇಕೇ ಬೇಕು, ಇಲ್ಲದಿದ್ದರೆ ನಮ್ಮ ತೇವಕ್ಕೆ ಬುಡ ಕೊಳೆಯುತ್ತದೆ. ಅಂಗಡಿಯ ಕಟ್ಟಿಗಿಂತ ಇದು ಅಗ್ಗವಲ್ಲ, ಸುಳ್ಳು ಹೇಳುವುದಿಲ್ಲ. ಪುದಿನಕ್ಕೆ ಮಾತ್ರ ಖರ್ಚೇ ಇಲ್ಲ.

ಹೋದ ಮಳೆಗಾಲದಿಂದ ಅಂಗಡಿಯ ಮುಂದೆ ಬೇರು ಬಿಟ್ಟ ಪುದಿನದ ಕಡ್ಡಿ ಚಿಪ್ಪಿನಲ್ಲಿ ಇಟ್ಟಿದೆ. ಇಟ್ಟದ್ದು ಬಾಪ. ಒಂದಕ್ಕೆ 10 ರೂಪಾಯಿ. ಕೊಂಡವರಿಗೆ, ನೀರು ಎಲೆಗೆ ಹಾಕಬೇಡಿ ಎಂದು ಅವರೇ ಹೇಳಿ ಕಳಿಸುತ್ತಾರೆ.