ಗೋಡೆಗೆ ಬೂಷ್ಟು ಹಿಡಿದರೆ ಯಾರ ತಪ್ಪು?

ಗೆಳೆಯರೇ, ಇಂಗ್ಲೆಂಡಿನ ಈ ಚರಿತ್ರೆ ನಮಗೂ ಗೊತ್ತಿರಬೇಕು.

2020ರ ಡಿಸೆಂಬರ್‌ನಲ್ಲಿ ರಾಚ್‌ಡೇಲ್ ಊರಲ್ಲಿ ಅವಾಬ್ ಇಷಾಕ್ ಅನ್ನೋ ಎರಡು ವರ್ಷದ ಮಗು ತೀರಿಕೊಂಡಿತು. ಅಪ್ಪ ಅಮ್ಮ ಸುಡಾನ್‌ನಿಂದ ಬಂದವರು. ಮನೆಗೆ ಬೂಷ್ಟು ಹಿಡಿದಿದೆ ಅಂತ ಅಪ್ಪ 2017ರಲ್ಲೇ ದೂರು ಕೊಟ್ಟಿದ್ದರು. ಬಾಡಿಗೆಗೆ ಕೊಟ್ಟಿದ್ದ ವಸತಿ ಸಂಸ್ಥೆ, ಮೇಲೆ ಪೇಂಟ್ ಹೊಡ್ಕೊಳ್ಳಿ ಅಂದಿತು. ಆ ಬೂಷ್ಟಿನಿಂದಲೇ ಮಗುವಿನ ಉಸಿರಾಟ ಕೆಟ್ಟು ಸಾವು ಬಂತು ಅಂತ 2022ರಲ್ಲಿ ಅಧಿಕೃತ ವಿಚಾರಣೆ ತೀರ್ಮಾನಿಸಿತು. ಆಗ ಸಂಸ್ಥೆ ಒಪ್ಪಿಕೊಂಡಿತು: ಆ ಕುಟುಂಬದ 'ಜೀವನಶೈಲಿ' ಬಗ್ಗೆ ತಾವೇ ಏನೇನೋ ಊಹಿಸಿಕೊಂಡಿದ್ದು ತಪ್ಪು ಅಂತ.

ಕಾನೂನು ಇರಲಿಲ್ವಾ? ಇತ್ತು. ಬಡವರಿಗೆ ಬಾಡಿಗೆಗೆ ಕೊಡುವ ಮನೆ ವಾಸಕ್ಕೆ ಯೋಗ್ಯವಾಗಿರಬೇಕು ಅನ್ನೋ ನಿಯಮ ಅಲ್ಲಿ 1885ರಲ್ಲೇ ಬಂತು. ಆದರೆ ಅದು ಕಡಿಮೆ ಬಾಡಿಗೆಯ ಮನೆಗಳಿಗೆ ಮಾತ್ರ. 1957ರಲ್ಲಿ ಆ ಮಿತಿ ಲಂಡನ್ನಿನಲ್ಲಿ ವರ್ಷಕ್ಕೆ 80 ಪೌಂಡ್, ಬೇರೆ ಕಡೆ 52 ಪೌಂಡ್. ಆಮೇಲೆ ಬಾಡಿಗೆ ಏರುತ್ತಲೇ ಹೋಯಿತು, ಮಿತಿ ಏರಲಿಲ್ಲ. ನಿಯಮ ಪುಸ್ತಕದಲ್ಲಿ ಉಳಿಯಿತು, ಅದರೊಳಗೆ ಬರುವ ಮನೆಗಳೇ ಹೆಚ್ಚುಕಮ್ಮಿ ಇಲ್ಲವಾದವು.

1985ರಲ್ಲಿ ವೇಲ್ಸ್‌ನ ಟ್ಯಾಫ್-ಎಲಿ ಕೌನ್ಸಿಲ್ ವಿರುದ್ಧ ಅದರ ಬಾಡಿಗೆದಾರರೊಬ್ಬರ ಕೇಸು ಮೇಲ್ಮನವಿ ಕೋರ್ಟಿಗೆ ಬಂತು. ಲೋಹದ ಕಿಟಕಿಗಳ ಮೇಲೆ ಹಬೆ ನೀರಾಗಿ ಇಳಿದು ಬಟ್ಟೆ, ಹಾಸಿಗೆ ಎಲ್ಲ ಕೊಳೆತಿದ್ದವು. ಕೋರ್ಟ್ ಏನಂತು? ಕಿಟಕಿ ಮುರಿದಿಲ್ಲವಲ್ಲ, ಹಾಗಾದರೆ ರಿಪೇರಿಯ ಪ್ರಶ್ನೆಯೇ ಇಲ್ಲ! ಕಟ್ಟಿದ ರೀತಿಯೇ ಕೆಟ್ಟದ್ದಾದರೂ ಓನರ್ ಪಾರು.

ಬಾಡಿಗೆ ಮಿತಿ ತೆಗೆದುಹಾಕಿ, ಮನೆ ವಾಸಯೋಗ್ಯವಾಗಿರಲೇಬೇಕು ಅನ್ನೋ ಕಾನೂನು ಬಂದದ್ದು 2018ರಲ್ಲಿ. 2023ರ ಕಾನೂನಿನಲ್ಲಿ ಆ ಮಗುವಿನ ಹೆಸರಿನ ನಿಯಮ ಸೇರಿತು. 2025ರ ಅಕ್ಟೋಬರ್‌ನಿಂದ ಸಾಮಾಜಿಕ ವಸತಿ ಸಂಸ್ಥೆಗಳಿಗೆ ಗಡುವು ಇದೆ: ತುರ್ತು ಅಪಾಯವಾದರೆ 24 ಗಂಟೆ. ಗಂಭೀರ ತೇವ, ಬೂಷ್ಟಾದರೆ 10 ಕೆಲಸದ ದಿನಗಳೊಳಗೆ ತನಿಖೆ, ಆಮೇಲೆ 5 ಕೆಲಸದ ದಿನಗಳೊಳಗೆ ಅಪಾಯ ತಪ್ಪಿಸಬೇಕು.

ಈಗ ನಮ್ಮ ಕಡೆ ನೋಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ತಾನು ಮಾಡಿಸಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಓನರ್ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡ್ಕೋಬಹುದು. ಆದರೆ 'ಮಾಡಿಸಬೇಕಾದ' ಅನ್ನೋದನ್ನ ಬಹುಪಾಲು ತೀರ್ಮಾನಿಸೋದು ಅಗ್ರಿಮೆಂಟ್. ಜಾತಿ ಕೇಳಿ ಬಾಗಿಲು ಹಾಕುವ ಊರಲ್ಲಿ ಹತ್ತು ಮನೆ ಅಲೆದು ಒಂದು ಸಿಕ್ಕವರು ಅಗ್ರಿಮೆಂಟಿನ ಷರತ್ತು ಕೇಳ್ತಾರಾ? ನೋಟಿಸ್ ಕೊಡ್ತಾರಾ? ದೂರು ಹೇಳಿದರೆ 'ನೀವು ಕ್ಲೀನಾಗಿ ಇಟ್ಕೊಳ್ಳಲ್ಲ' ಅನ್ನೋ ಮಾತು ತಯಾರಾಗಿರುತ್ತೆ. ಅಲ್ಲಿ ಅದರ ಹೆಸರು ಜೀವನಶೈಲಿ. ಇಲ್ಲಿ ಅದರ ಹೆಸರೇನು ಅಂತ ನಿಮಗೆ ಗೊತ್ತು.

ಪೈಪು ಸೋರೋದು, ತಳಪಾಯದಿಂದ ತೇವ ಏರೋದು, ಗಾಳಿಯಾಡಲು ಕಿಟಕಿಯೇ ಇಲ್ಲದ್ದು, ಇವು ಕಟ್ಟಡದ ದೋಷಗಳು. ಅದಕ್ಕೇ ಹೊಸ ಮನೆಗೆ ಹೋಗುವಾಗ ರಿಪೇರಿ ಯಾರದ್ದು ಅಂತ ಅಗ್ರಿಮೆಂಟಿನಲ್ಲಿ ಬರೆಸಿ. ಗೋಡೆಗಳ ಫೋಟೋ ತೆಗೆದಿಡಿ. ದೂರನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಬರೆದು ಕಳಿಸಿ. ಒಬ್ಬರೇ ಹೆದರಿದರೆ ಸಂಘಟನೆಯವರನ್ನು ಜೊತೆಗೆ ಕರ್ಕೊಂಡು ಹೋಗಿ.

ಜೈ ಭೀಮ್.