ಅಸ್ಸಾಂ–ಟಿಬೆಟ್ ಭೂಕಂಪ, 1950

ಭಾರತ ಮತ್ತು ಟಿಬೆಟ್ ನಡುವಿನ ಮಿಶ್ಮಿ ಬೆಟ್ಟಗಳಲ್ಲಿ 1950ರ ಆಗಸ್ಟ್ 15ರಂದು, ಭಾರತೀಯ ಕಾಲಮಾನ ಸಂಜೆ 7 ಗಂಟೆ 39 ನಿಮಿಷಕ್ಕೆ ಸಂಭವಿಸಿದ ಭೂಕಂಪ. ಪರಿಮಾಣ 8.6. ಚಿಲಿ, ಅಲಾಸ್ಕ, ಸುಮಾತ್ರಗಳ ಇನ್ನೂ ದೊಡ್ಡ ಕಂಪನಗಳೆಲ್ಲ ಸಾಗರದ ತಳ ಖಂಡದ ಅಡಿಗೆ ನುಗ್ಗುವ ಕಡೆ ಆದವು. ಎರಡು ಭೂಖಂಡಗಳ ಘರ್ಷಣೆಯಿಂದ ಹುಟ್ಟಿದವುಗಳಲ್ಲಿ, ಉಪಕರಣಗಳು ದಾಖಲಿಸಿದ ಮಟ್ಟಿಗೆ, ಇದೇ ಅತಿ ದೊಡ್ಡದು. ಅಂದು ಸ್ವತಂತ್ರ ಭಾರತಕ್ಕೆ ಮೂರು ವರ್ಷ ತುಂಬಿತ್ತು.

ಕೇಂದ್ರಬಿಂದು ಇದ್ದದ್ದು ಗಡಿಯಾದ ಮೆಕ್‌ಮಹನ್ ರೇಖೆಯ ಆಚೆ, ಟಿಬೆಟ್ಟಿನ ರೀಮಾ ಎಂಬ ಊರಿನ ಹತ್ತಿರ. ಆದರೂ ಅದಕ್ಕೆ ಅಂಟಿಕೊಂಡ ಹೆಸರು ಅಸ್ಸಾಮಿನದು. ವರದಿಗಾರರು, ಸರ್ಕಾರಿ ಎಂಜಿನಿಯರುಗಳು, ಚಹಾ ತೋಟದ ಮ್ಯಾನೇಜರುಗಳೆಲ್ಲ ಇದ್ದದ್ದು ಈಚೆ ಬಯಲಿನಲ್ಲಿ. ಹೆಸರು ಬರೆದವರ ಕಡೆಗೆ ಹೋಯಿತು. ಚೀನಾದ ದಾಖಲೆಗಳು ಇದನ್ನು ಝಾಯು ಭೂಕಂಪ ಎನ್ನುತ್ತವೆ.

ಭಾರತದ ಭೂಫಲಕ ವರ್ಷಕ್ಕೆ ಕೆಲವು ಸೆಂಟಿಮೀಟರಿನಷ್ಟು ಉತ್ತರಕ್ಕೆ ಸರಿಯುತ್ತ ಯುರೇಷ್ಯ ಫಲಕದ ಅಡಿಗೆ ತೂರುತ್ತಿದೆ. ಪಶ್ಚಿಮದಿಂದ ಸಾಲಾಗಿ ಬಂದ ಹಿಮಾಲಯ 7,782 ಮೀಟರ್ ಎತ್ತರದ ನಾಮ್ಚಾ ಬರ್ವ ಶಿಖರದ ಬಳಿ ಮೊಣಕೈ ಮಡಿಸಿದಂತೆ ದಕ್ಷಿಣಕ್ಕೆ ತಿರುಗಿಬಿಡುತ್ತದೆ. ಟಿಬೆಟ್ಟಿನ ಯಾರ್ಲುಂಗ್ ತ್ಸಾಂಗ್‌ಪೊ ನದಿಯೂ ಅದೇ ಶಿಖರವನ್ನು ಬಳಸಿ ಇಳಿದು, ಬಯಲು ಮುಟ್ಟಿ ಬ್ರಹ್ಮಪುತ್ರ ಆಗುತ್ತದೆ. ಹೀಗೆ ಮಡಿಚಿಕೊಂಡ ಕಡೆ ಒತ್ತಡ ಒಂದೇ ದಿಕ್ಕಿನಿಂದ ಬರುವುದಿಲ್ಲ. ಅದಕ್ಕೇ ಅಂದು ಬಂಡೆಗಳು ಪಕ್ಕಕ್ಕೆ ಜಾರಿದವೋ, ಒಂದರ ಮೇಲೊಂದು ಏರಿದವೋ ಎಂಬ ಚರ್ಚೆ ದಶಕಗಳ ಕಾಲ ನಡೆಯಿತು. ಮಿಶ್ಮಿ ಮತ್ತು ಅಬೋರ್ ಬೆಟ್ಟಗಳ ಬುಡದಲ್ಲಿ, ಪಾಸಿಘಾಟ್ ಸುತ್ತಮುತ್ತ ಈಚೆಗೆ ಕಂದಕ ತೋಡಿ ಪರೀಕ್ಷಿಸಿದಾಗ ಏರಿದವೆಂಬ ವಾದಕ್ಕೆ ಬಲ ಕೊಡುವಂತೆ ನೆಲ ಸೀಳಿ ಮೇಲೆದ್ದ ಗುರುತುಗಳು ಸಿಕ್ಕಿವೆ.

ಕೇಂದ್ರಬಿಂದುವಿನ ಪಕ್ಕದಲ್ಲೇ ಆ ಸಂಜೆ ಬರೆಯಬಲ್ಲ ಸಾಕ್ಷಿಯೊಬ್ಬರಿದ್ದುದು ಅಪರೂಪದ ಆಕಸ್ಮಿಕ. ಇಂಗ್ಲೆಂಡಿನ ಸಸ್ಯಶೋಧಕ ಫ್ರಾಂಕ್ ಕಿಂಗ್ಡನ್-ವಾರ್ಡ್ ಪತ್ನಿ ಜೀನ್ ಜೊತೆ ಗಿಡ, ಬೀಜ ಹುಡುಕುತ್ತ ರೀಮಾದಲ್ಲಿ ಡೇರೆ ಹಾಕಿದ್ದರು. ಡೇರೆಯಿಂದ ಹೊರಗೋಡಿದವರನ್ನು ನೆಲ ನಿಲ್ಲಗೊಡಲಿಲ್ಲ, ಕೆಡವಿತು. ಅಂಗಾತ ಬಿದ್ದು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ತಮ್ಮ ಕೆಳಗಿರುವುದು ಗಟ್ಟಿ ಭೂಮಿಯಲ್ಲ, ತೆಳು ಪದರ ಎಂದು ಅವರಿಗೆ ಅನ್ನಿಸಿತು. ಕಂಪನ ನಿಂತ ಮೇಲೆ ವಾಯವ್ಯ ದಿಕ್ಕಿನ ಆಕಾಶದಲ್ಲಿ, ಬಹಳ ಎತ್ತರದಲ್ಲಿ, ಫಿರಂಗಿ ಗುಂಡು ಸಿಡಿದಂತೆ ಐದಾರು ಸದ್ದು ಕೇಳಿಸಿತು. ನೂರಾರು ಮೈಲಿ ದೂರದ ಲ್ಹಾಸಾದಲ್ಲೂ ಅಂಥ ಸದ್ದು ಕೇಳಿತೆಂದು, ಆಕಾಶ ಕೆಂಪಾಗಿ ಕಂಡಿತೆಂದು ದಲಾಯಿ ಲಾಮಾ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಂದು ಅವರು ಹದಿನೈದು ವರ್ಷದ ಹುಡುಗ. ಅಕ್ಟೋಬರಿನಲ್ಲಿ ಚೀನಾದ ಸೇನೆ ಚಾಮ್ಡೊಗೆ ನುಗ್ಗಿದಾಗ ಟಿಬೆಟ್ಟಿನ ಅನೇಕರು ಭೂಕಂಪವನ್ನು ಅದರ ಅಪಶಕುನವೆಂದೇ ಎಣಿಸಿದರು.

ಬಯಲಿನಲ್ಲಿ ಕಂಡದ್ದು ಬೇರೆ ಬಗೆಯ ಹಾನಿ. ಸದಿಯಾದಿಂದ ಶಿವಸಾಗರದವರೆಗೆ ನೆಲ ಬಿರುಕುಬಿಟ್ಟು ಬಿರುಕಿನೊಳಗಿಂದ ಮರಳು, ನೀರು ಉಕ್ಕಿದವು. ಬಾವಿಗಳು ಮರಳಿನಿಂದ ತುಂಬಿಕೊಂಡವು, ರಸ್ತೆ, ರೈಲು ಹಳಿ, ಸೇತುವೆಗಳು ಸೊಟ್ಟಗಾದವು. ಕಂಪನ ಕೋಲ್ಕತ್ತದವರೆಗೂ ಅನುಭವಕ್ಕೆ ಬಂತು. ಅದರ ಅಲೆ ಎಷ್ಟು ದೂರ ಹೋಯಿತೆಂದರೆ ನಾರ್ವೆಯ ಸರೋವರಗಳಲ್ಲೂ ಇಂಗ್ಲೆಂಡಿನ ಜಲಾಶಯಗಳಲ್ಲೂ ನೀರು ತಟ್ಟೆಯಲ್ಲಿ ತುಳುಕಿದಂತೆ ಏರಿಳಿಯಿತು.

ಮನೆ ಕುಸಿದು ಸತ್ತವರು ಮಾತ್ರ ಇಷ್ಟು ದೊಡ್ಡ ಕಂಪನಕ್ಕೆ ಕಡಿಮೆಯೇ. 1897ರ ಜೂನ್ 12ರ ಮಹಾಕಂಪನದಲ್ಲಿ ಶಿಲ್ಲಾಂಗಿನ ಕಲ್ಲಿನ ಕಟ್ಟಡಗಳು ಪುಡಿಯಾದ ಮೇಲೆ ಆ ಸೀಮೆಯವರು ಮರದ ಚೌಕಟ್ಟು ನಿಲ್ಲಿಸಿ, ಇಕ್ರಾ ಎಂಬ ಜೊಂಡಿನ ತಡಿಕೆ ಕಟ್ಟಿ, ಅದಕ್ಕೆ ಗಾರೆ ಮೆತ್ತಿ, ಮೇಲೆ ಹಗುರ ಚಾವಣಿ ಹೊದಿಸುವ ಮನೆಗಳಿಗೆ ಹೊರಳಿದ್ದರು. ಇಂಥ ಗೋಡೆ ನೆಲದ ಜೊತೆ ತೂಗುತ್ತದೆ. ಬಿದ್ದರೂ ಮಂದಿಯನ್ನು ಜಜ್ಜುವುದಿಲ್ಲ. ನಮ್ಮ ಬೀದರ, ಕಲಬುರಗಿಯವರನ್ನೂ ನಡುಗಿಸಿದ 1993ರ ಕಿಲ್ಲಾರಿ ಭೂಕಂಪದ ಪರಿಮಾಣ 6.2 ಮಾತ್ರ. ಅದರಲ್ಲಿ ಬಿಡುಗಡೆಯಾದ ಶಕ್ತಿ 1950ರದಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಅಲ್ಲಿ ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲುಗೋಡೆಗಳ ಕೆಳಗೆ ಎಂಟು ಸಾವಿರಕ್ಕೂ ಮೇಲ್ಪಟ್ಟು ಜನ ಸತ್ತರು. 1950ರಲ್ಲಿ ಭಾರತದ ಭಾಗದಲ್ಲಿ ಸತ್ತವರು ಸುಮಾರು 1,500. ಟಿಬೆಟ್ಟಿನ ಲೆಕ್ಕ ಒಂದೊಂದು ದಾಖಲೆಯಲ್ಲಿ ಒಂದೊಂದು ತೆರನಾಗಿದೆ: ಕೆಲವು 780 ಎನ್ನುತ್ತವೆ, ಕೆಲವು ಮೂರು ಸಾವಿರ ದಾಟಿಸುತ್ತವೆ. ಅಲ್ಲಿ ಯೆದೊಂಗ್ ಎಂಬ ಇಡೀ ಹಳ್ಳಿ ಜಾರಿ ತ್ಸಾಂಗ್‌ಪೊ ನದಿಗೆ ಬಿತ್ತು.

ಕೊಂದದ್ದು ಹೆಚ್ಚಾಗಿ ಬೆಟ್ಟ ಮತ್ತು ನೀರು. ಅಬೋರ್ ಬೆಟ್ಟಗಳಲ್ಲಿ ಸುಮಾರು 70 ಹಳ್ಳಿಗಳು ಭೂಕುಸಿತಕ್ಕೆ ನಾಶವಾದವು. ಮಳೆಗಾಲದ ನಡುವೆ, ನೆನೆದು ಸಡಿಲವಾಗಿದ್ದ ಇಳಿಜಾರುಗಳು ಕಾಡುಸಮೇತ ಕಣಿವೆಗೆ ಇಳಿದು ಉಪನದಿಗಳಿಗೆ ಅಡ್ಡಗಟ್ಟೆ ಹಾಕಿದವು. ಸುಬನ್‌ಸಿರಿ ನದಿಗೆ ಹೀಗೆ ಬಿದ್ದ ಕಟ್ಟೆ ಎಂಟು ದಿನ ನಿಂತಿತು. ಕೆಳಗಿನವರ ಕಣ್ಣೆದುರು ಹೊಳೆ ಸೊರಗಿ ನಿಂತ ಎಂಟು ದಿನ ಅವು. ನಂತರ ಕಟ್ಟೆ ಒಡೆದು ಏಳು ಮೀಟರ್ ಎತ್ತರದ ನೀರಿನ ಗೋಡೆ ಹಳ್ಳಿಗಳ ಮೇಲೆ ಬಿತ್ತು. ಐನೂರಕ್ಕೂ ಹೆಚ್ಚು ಜನ ಹೋದರು. ಅಂದರೆ ಭಾರತದ ಭಾಗದಲ್ಲಿ ಸತ್ತ ಪ್ರತಿ ಮೂವರಲ್ಲಿ ಒಬ್ಬರು ಭೂಮಿ ನಡುಗಿ ವಾರ ಕಳೆದ ಮೇಲೆ ಸತ್ತವರು. ಬ್ರಹ್ಮಪುತ್ರದಲ್ಲಿ ಬುಡಮೇಲಾದ ಮರಗಳು, ಸತ್ತ ಮೀನು, ಪ್ರಾಣಿಗಳ ಹೆಣಗಳು ತೇಲಿದವು.

ಈ ಕಂಪನದ ಅಧ್ಯಯನಗಳನ್ನು ಎಂ. ಬಿ. ರಾಮಚಂದ್ರ ರಾವ್ ಒಟ್ಟುಗೂಡಿಸಿ 1953ರಲ್ಲಿ ಪ್ರಕಟಿಸಿದರು. ಬೆಟ್ಟಗಳಿಂದ ಜರಿದ ಮಣ್ಣು, ಬಂಡೆಗಳ ಮೊತ್ತ 4,500 ಕೋಟಿ ಘನ ಮೀಟರಿಗೂ ಹೆಚ್ಚೆಂಬ ಅಂದಾಜು ಆ ಕಾಲದ್ದೇ. ಕಂಪನ ನಿಮಿಷಗಳಲ್ಲಿ ಮುಗಿಯಿತು. ಈ ಮಣ್ಣು ನದಿಯಲ್ಲಿ ಇಳಿದು ಬರುವುದು ದಶಕಗಳ ಕೆಲಸವಾಯಿತು. ದಿಬ್ರುಗಢದ ಬಳಿ ಬ್ರಹ್ಮಪುತ್ರದ ಪಾತ್ರ ಸುಮಾರು ಮೂರು ಮೀಟರ್ ಮೇಲೆದ್ದಿತು. ತಳ ತುಂಬಿದ ನದಿ ಅಗಲಕ್ಕೆ ಹರಡಿ ದಂಡೆಗಳನ್ನು ಕೊರೆಯತೊಡಗಿತು. ಬ್ರಿಟಿಷರ ಕಾಲದಿಂದ ಗಡಿನಾಡಿನ ಆಡಳಿತ ಕೇಂದ್ರವಾಗಿದ್ದ ಹಳೆಯ ಸದಿಯಾ ಪಟ್ಟಣ ಕಂಪನದಲ್ಲಿ ಉಳಿದುಕೊಂಡು, ಮುಂದಿನ ಕೆಲವೇ ವರ್ಷಗಳಲ್ಲಿ ನದಿಗೆ ಸೇರಿಹೋಯಿತು. 2017ರಲ್ಲಿ ತೆರೆದ 9.15 ಕಿಲೋಮೀಟರ್ ಉದ್ದದ ಧೋಲಾ–ಸದಿಯಾ ಸೇತುವೆ ಇಂದಿನ ಸದಿಯಾಕ್ಕೆ ದಾರಿ. ಹಳೆಯದರ ಗುರುತು ಮೇಲೆ ಯಾವುದೂ ಇಲ್ಲ. ಸುಬನ್‌ಸಿರಿಗೆ ಈಗ ಗೇರುಕಾಮುಖದಲ್ಲಿ 116 ಮೀಟರ್ ಎತ್ತರದ ಕಾಂಕ್ರೀಟ್ ಅಣೆಕಟ್ಟು ಎದ್ದಿದೆ. ಕೆಳದಂಡೆಯವರು ಅದನ್ನು ವರ್ಷಗಟ್ಟಲೆ ವಿರೋಧಿಸಿದ್ದಕ್ಕೆ ಈ ಸೀಮೆಯ ಭೂಕಂಪಗಳ ಭಯವೂ ಒಂದು ಕಾರಣ.

ದಿಬ್ರುಗಢದ ದಂಡೆಯ ಒಂದು ಭಾಗವೂ ಹಳೆಯ ಸದಿಯಾದಂತೆಯೇ ನದಿಗೆ ಹೋಯಿತು. ಉಳಿದ ಊರನ್ನು ಕಾಯಲು 1954ರ ಹೊತ್ತಿಗೆ ಕಲ್ಲಿನ ಏರಿ ಕಟ್ಟುವ ಕೆಲಸ ಭರದಿಂದ ನಡೆಯಿತು. ಇಂದು ನೆರೆಯ ದಿನಗಳಲ್ಲಿ ಆ ಏರಿಯ ಮೇಲೆ ನಿಂತರೆ ಒಂದು ಬದಿಗೆ ಬ್ರಹ್ಮಪುತ್ರ, ಇನ್ನೊಂದು ಬದಿಗೆ ನದಿಯ ಮಟ್ಟಕ್ಕಿಂತ ಕೆಳಗೆ ಪೇಟೆಯ ಬೀದಿಗಳು.